‘ಕೋಳಿ ಮೆಶ್’ ಅನ್ನುವ ಹೆಸರು ನಂಬಿ ಹಿತ್ತಲಲ್ಲಿ ಗೂಡು ಕಟ್ಟಬೇಡಿ

ಮಂಡ್ಯ ತಾಲ್ಲೂಕಿನ ನಾಲೆ ಬಯಲಿನ ಒಂದು ಹಳ್ಳಿ. ಹಿತ್ತಲಲ್ಲಿ 10 ಅಡಿ ಉದ್ದ, 6 ಅಡಿ ಅಗಲದ ಗೂಡು. ಒಳಗೆ ಹನ್ನೊಂದು ನಾಟಿ ಹೇಂಟೆ, ಜೊತೆಗೆ ಪಿತೃಪಕ್ಷಕ್ಕೆ ಅಂತ ಮೇಯಿಸಿದ್ದ ಒಂದು ಹುಂಜ. ರಾತ್ರಿ ಜೋರು ಮಳೆ. ಬೆಳಗ್ಗೆ ನೋಡಿದರೆ ಚಿಲಕ ಹಾಕಿದ ಹಾಗೇ ಇದೆ, ಮೇಲಿನ ತಗಡು ಕದಲಿಲ್ಲ, ಒಳಗೆ ಮಾತ್ರ ಒಂಬತ್ತು ಹಕ್ಕಿ ಸತ್ತು ಬಿದ್ದಿವೆ. ತಿಂದದ್ದು ಅಂತ ಒಂದೂ ಇಲ್ಲ. ಬರೀ ಕಚ್ಚಿ, ಒದರಿ ಬಿಸಾಡಿದ್ದು. ಉಳಿದ ಮೂರು ಮೂಲೆಯ ಬಿದಿರಿನ ಮೇಲೆ ಏರಿ ಕೂತಿದ್ದವು.

ಹಿಂದಿನ ಗೋಡೆಯ ಬುಡದಲ್ಲಿ ಒಂದು ಕಂಡಿ. ತಗಡಿನ ಅಂಚಿಂದ ಸುರಿದ ನೀರು ಒಂದೇ ಗೆರೆಯಲ್ಲಿ ಬಿದ್ದೂ ಬಿದ್ದೂ ಮಣ್ಣು ಕೊರೆದು, ಮೆಶ್ಶಿನ, ಅಂದರೆ ತಂತಿ ಬಲೆಯ, ಕೆಳಗೆ ಮೂರು ಬೆರಳು ಆಳದ ಸಂದಿಯಾಗಿತ್ತು. ನಾಯಿಗಳು ಅದನ್ನೇ ಕೆದರಿ ದೊಡ್ಡದು ಮಾಡಿವೆ. ಮೂತಿ ಒಳಗೆ ತೂರಿದ್ದೇ ತಡ, ಬುಡದ ಮೆಶ್ಶು ಒಂದು ಮೊಳದಷ್ಟು ಹೊಲಿಗೆ ಬಿಚ್ಚಿದ ಗೋಣಿಚೀಲದ ಹಾಗೆ ಬಿಚ್ಚಿಕೊಂಡಿದೆ. ಹರಿದ ತಂತಿಯ ತುದಿಗೆ ಕಂದು ಕೂದಲು ಸಿಕ್ಕಿಕೊಂಡಿತ್ತು. ಕಟ್ಟಿದ್ದು ಏಪ್ರಿಲ್‌ನಲ್ಲಿ, ಆಗ ನೆಲ ಕಲ್ಲಿನಂತಿತ್ತು, ಗುದ್ದಲಿಯೇ ಇಳಿಯುತ್ತಿರಲಿಲ್ಲ. ಆ ನೆಲ ನೋಡಿ ‘ಇದನ್ನು ಯಾವ ನಾಯಿ ತೋಡೀತು’ ಅಂತ ಮೆಶ್ಶನ್ನು ಮಣ್ಣಿಗೆ ತಾಗಿಸಿ, ಬುಡಕ್ಕೆ ನಾಲ್ಕು ಇಟ್ಟಿಗೆ ಒತ್ತಿ ಬಿಟ್ಟಿದ್ದರು. ನಮ್ಮ ಕಡೆ ನೆಲದ ನಿಜವಾದ ಗುಣ ಕಾಣುವುದು ಸೆಪ್ಟೆಂಬರ್, ಅಕ್ಟೋಬರ್‌ನ ಉತ್ತರೆ, ಹಸ್ತ, ಚಿತ್ತೆ ಮಳೆಯಲ್ಲಿ. ಗೂಡು ಕಟ್ಟುವವರು ಆ ಮಳೆಗೆ ಲೆಕ್ಕ ಹಾಕಿ ಕಟ್ಟಬೇಕು.

ಮೆಶ್ಶು ಕೊಟ್ಟ ಅಂಗಡಿಯವರು ಹೇಳಿದ್ದು ಒಂದೇ ಮಾತು: "ಇದು ಕೋಳಿ ಮೆಶ್ಶೇ ಕಣಣ್ಣ, ಕೋಳಿಗೆ ಅಂತಲೇ ಬರೋದು." ಮಾತು ಸುಳ್ಳಲ್ಲ. ಆರು ಮೂಲೆ ಕಣ್ಣಿನ ಆ ಬಲೆ ಇರುವುದು ಕೋಳಿ ಆಚೆ ಹೋಗದ ಹಾಗೆ ತಡೆಯಲಿಕ್ಕೆ. ಆಚೆಯದು ಒಳಗೆ ಬರದ ಹಾಗೆ ತಡೆಯುವ ಶಕ್ತಿ ಅದಕ್ಕಿಲ್ಲ. ಅದರ ತಂತಿಗಳನ್ನು ಒಂದಕ್ಕೊಂದು ಹುರಿ ಹಾಕಿರುತ್ತಾರೆ, ಬೆಸುಗೆ ಇರುವುದಿಲ್ಲ. ಒಂದು ಎಳೆ ತುಂಡಾದರೆ ಹುರಿ ಬಿಚ್ಚಿ ಪಕ್ಕದ ಕಣ್ಣೂ ಸಡಿಲವಾಗುತ್ತದೆ. ಅಲ್ಲಿ ಹಾಕಿದ್ದು 22 ಗೇಜಿನದು, ಅಂದರೆ ತಂತಿಯ ದಪ್ಪ ಹೆಚ್ಚುಕಡಿಮೆ 0.7 ಮಿಲಿಮೀಟರ್. ಕೇಳಬೇಕಾದದ್ದು ಜಿಐ ವೆಲ್ಡ್ ಮೆಶ್ (ಬೆಸುಗೆ ಹಾಕಿ ಸತು ಲೇಪಿಸಿದ್ದು), ಬುಡಕ್ಕೆ ಅರ್ಧ ಇಂಚಿನ ಕಣ್ಣು, 18 ಅಥವಾ 19 ಗೇಜು. ಗೇಜಿನ ಅಂಕಿ ಹೆಚ್ಚಾದಷ್ಟೂ ತಂತಿ ತೆಳು, ಇದನ್ನು ಉಲ್ಟಾ ತಿಳಿದುಕೊಂಡು ‘22 ಇದ್ದರೆ ಗಟ್ಟಿ’ ಅಂತ ದುಡ್ಡು ಕೊಟ್ಟು ಬರುವವರು ಬೇಕಾದಷ್ಟು ಜನ. ಅಂಗಡಿಯಲ್ಲೇ ಒಂದು ಮೂಲೆಯ ಬೆಸುಗೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಟಕ್ ಅಂತ ಬಿಟ್ಟರೆ ಆ ಸುರುಳಿ ಬೇಡ.

ಈಗ ಬುಡದ ವಿಚಾರ. ತೋಡುವ ಪ್ರಾಣಿ ಹೆಚ್ಚಾಗಿ ಗೋಡೆಯ ಬುಡಕ್ಕೇ ಬಂದು, ಮೂತಿ ತಾಗಿದ ಜಾಗದಲ್ಲೇ ಕೆದರುತ್ತದೆ. ಎರಡು ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ಹಾಕೋಣ ಅನ್ನುವ ಯೋಚನೆ ನಾಯಿಗೆ ಬರುವುದಿಲ್ಲ. ಅದಕ್ಕೇ ಮೆಶ್ಶನ್ನು ಗೋಡೆಯಿಂದ ಹೊರಗಡೆಗೆ, ನೆಲದ ಮೇಲೆ ಸೆರಗಿನ ಹಾಗೆ ಎರಡು ಅಡಿ ಹಾಸಬೇಕು. ಹತ್ತು ಕೋಳಿಗೆ 10 ಅಡಿಗೆ 10 ಅಡಿ ಓಡಾಟದ ಜಾಗ ಅಂತ ಇಟ್ಟುಕೊಳ್ಳಿ, ಸುತ್ತಳತೆ 40 ಅಡಿ. 4 ಅಡಿ ಅಗಲದ ಅರ್ಧ ಇಂಚಿನ ಮೆಶ್ಶು ತಂದು ಉದ್ದಕ್ಕೆ ನಡುವೆ ಮಡಚಿ: ಎರಡು ಅಡಿ ಗೋಡೆಗೆ, ಎರಡು ಅಡಿ ನೆಲಕ್ಕೆ. ನಾಲ್ಕೂ ಮೂಲೆಯ ಹೊರಗೆ 2 ಅಡಿ ಚೌಕದ ಖಾಲಿ ಜಾಗ ಉಳಿಯುತ್ತದೆ, ಬಹಳ ಜನ ಮರೆಯುವುದೇ ಇದನ್ನು. ಅದಕ್ಕೆ 4 ಅಡಿ ತುಂಡೊಂದನ್ನು ಕತ್ತರಿಸಿ ನಾಲ್ಕು ಚೌಕ ಮಾಡಿದರೆ ಸಾಕು. ಒಟ್ಟು 44 ಅಡಿ. 50 ಅಡಿಯ ಸುರುಳಿಯಲ್ಲಿ ಉಳಿದ 6 ಅಡಿ ಜೋಡಣೆಯ ಕಡೆ ಒಂದರ ಮೇಲೊಂದು ಕೂರಿಸಲಿಕ್ಕೆ ಬೇಕಾಗುತ್ತದೆ. ಗೋಡೆಯ ಮೇಲಿನ ನಾಲ್ಕು ಅಡಿಗೆ ಒಂದು ಇಂಚು ಕಣ್ಣಿನ ವೆಲ್ಡ್ ಮೆಶ್ ನಡೆಯುತ್ತದೆ, ಎರಡೂ ಸೇರುವಲ್ಲಿ ಎರಡು ಇಂಚು ಒಂದರ ಮೇಲೊಂದು ಬಂದಿರಬೇಕು.

ನೆಲದ ಸೆರಗನ್ನು 8 ಎಂಎಂ ಕಂಬಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ, ಎರಡು ಅಡಿಗೊಂದರಂತೆ ಹೊಡೆದು ಕೂರಿಸಿ. ಕೊಕ್ಕೆಯ ಕಾಲು ಎಂಟು ಇಂಚಾದರೂ ನೆಲಕ್ಕೆ ಇಳಿಯಬೇಕು. ಮೇಲೆ ಎರಡು ಇಂಚು ಮಣ್ಣು ಎಳೆದು ಗರಿಕೆ ಬಿಟ್ಟರೆ ಒಂದೇ ಮಳೆಗಾಲದಲ್ಲಿ ಬೇರು ಹೆಣೆದುಕೊಂಡು ಮೆಶ್ಶು ನೆಲಕ್ಕೇ ಹೊಲಿದಂತಾಗುತ್ತದೆ. ತಂತಿಗೆ ತುಕ್ಕು ಮೊದಲು ಹಿಡಿಯುವುದು ಮಣ್ಣು ಗಾಳಿ ಕೂಡುವ ಗೆರೆಯಲ್ಲಿ, ಆದ್ದರಿಂದ ಮಡಿಕೆಯ ಆಚೆ ಈಚೆ ಅರ್ಧ ಅಡಿಗೆ ಕೂರಿಸುವ ಮುಂಚೆಯೇ ಕಪ್ಪು ಡಾಂಬರು ಬಣ್ಣ ಬಳಿದಿಡಿ.

ಕಂಬದ ಒಳಗಡೆ ಮೆಶ್ಶು ಹೊಡೆಯುವುದು ಇನ್ನೊಂದು ತಪ್ಪು. ನೋಡಲಿಕ್ಕೆ ಅಂದ, ಆದರೆ ನಾಯಿ ಹೊರಗಿಂದ ಮೈ ಒತ್ತಿದರೆ ಮೊಳೆಗಳೇ ಕಿತ್ತು ಬರುತ್ತವೆ. ಹೊರಗಡೆ ಹೊಡೆದರೆ ಅದು ಒತ್ತಿದಷ್ಟೂ ಮೆಶ್ಶು ಕಂಬಕ್ಕೆ ಒತ್ತುತ್ತದೆ. ಯು ಮೊಳೆ ನಾಲ್ಕು ಇಂಚಿಗೊಂದು, ಅದರ ಮೇಲೆ ಒಂದು ಮರದ ರೀಪು ಇಟ್ಟು ಸ್ಕ್ರೂ ಬಿಗಿಯಿರಿ. ಬರೀ ಬೈಂಡಿಂಗ್ ವೈರಿನಲ್ಲಿ ಕಟ್ಟಿದ್ದು ಎರಡು ಮಳೆಗಾಲ ತಡೆದರೆ ಹೆಚ್ಚು. ಕಲ್ಲುಕೂಚ ಇದ್ದರೆ ಮೊಳೆ ಕೂರುವುದಿಲ್ಲ, ದಪ್ಪ ಜಿಐ ತಂತಿಯಲ್ಲೇ ಸುತ್ತಿ ಬಿಗಿಯಬೇಕು.

ಬಂದದ್ದು ಯಾರು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ರಾತ್ರಿಯೆಲ್ಲಾ ಕೊಂದು, ತಿನ್ನದೆ ಹಾಗೇ ಬಿಟ್ಟು ಹೋದದ್ದು ಹೆಚ್ಚಾಗಿ ಬೀದಿ ನಾಯಿ. ಒಂದೋ ಎರಡೋ ಕೋಳಿ ಮಾಯವಾಗಿ ಕಬ್ಬಿನ ಗದ್ದೆಯ ಕಡೆಗೆ ಪುಕ್ಕ ಉದುರಿದ್ದರೆ ಕಾಡುಬೆಕ್ಕು. ಹಾಡಹಗಲೇ ಮರಿ ಹೋದರೆ, ಮೊಟ್ಟೆ ಒಡೆದಿದ್ದರೆ ಕೀರ, ಅಂದರೆ ಮುಂಗುಸಿ. ಅದು ರಾತ್ರಿ ಬೇಟೆಯ ಪ್ರಾಣಿ ಅಲ್ಲ, ಸುಮ್ಮನೆ ಅದರ ತಲೆಗೆ ಕಟ್ಟಬೇಡಿ. ಒಂದು ಗುರುತೂ ಇಲ್ಲದೆ ಮೊಟ್ಟೆ, ಮರಿ ಖಾಲಿಯಾದರೆ ಕೇರೆಯೋ ನಾಗರವೋ. ಒಳಗೇ ನೆಲದಲ್ಲಿ ಬಿಲ ಎದ್ದು ರಾತ್ರಿ ಮೇವು ಕರಗುತ್ತಿದ್ದರೆ ಹೆಗ್ಗಣ. ಅದು ಸೆರಗಿಗೂ ಬಗ್ಗದೆ ಆಳದಿಂದ ಬರುತ್ತದೆ. ಪಕ್ಕದ ಗದ್ದೆಯ ಕಬ್ಬು ಕಟಾವಾದ ವಾರ ಇವೆಲ್ಲ ಒಟ್ಟಿಗೆ ಹಿತ್ತಲ ಕಡೆ ತಿರುಗುತ್ತವೆ. ಚಿರತೆ ಓಡಾಡುವ ಊರಾದರೆ ಮೆಶ್ಶಿನ ಮಾತು ಬಿಡಿ, ರಾತ್ರಿ ಹಕ್ಕಿಗಳು ಗೋಡೆ, ಬಾಗಿಲು ಇರುವ ಕೋಣೆಯಲ್ಲೇ ಇರಬೇಕು.

ಹೀಗೆ ರೇಗಿ ಹೋದಾಗ ಬೇಲಿಗೆ ಮನೆಯ ಲೈನ್ ಕರೆಂಟು ಕೊಡುವ ಯೋಚನೆ ಬರುತ್ತದೆ. ಖಂಡಿತಾ ಬೇಡ. ಸಾಯುವುದು ನಾಯಿ ಅಲ್ಲ, ರಾತ್ರಿ ನೀರು ತಿರುಗಿಸಲು ಹೋದ ಮನೆಯವರೋ ಪಕ್ಕದ ಮನೆ ಮಗುವೋ. ಕಾನೂನಿನಲ್ಲೂ ಅದು ಅಪರಾಧ.

ಆ ಹಿತ್ತಲ ಕಥೆ ನಾಯಿಗೇ ಮುಗಿಯಲಿಲ್ಲ. ಬುಡ ಸರಿಮಾಡಿಸಿ, ಒಂದು ತಿಂಗಳ ಗಿರಿರಾಜ ತಳಿಯ ಮರಿ ಇಪ್ಪತ್ತು ತಂದು ಅದೇ ನೆಲಕ್ಕೆ ಬಿಟ್ಟರು. ಪಕ್ಕದ ಭತ್ತದ ಗದ್ದೆಗೆ ನಾಲೆ ನೀರು ಬಿಟ್ಟಿತ್ತು, ಗೂಡಿನ ನೆಲ ಗದ್ದೆಯ ಬದುವಿಗಿಂತ ತಗ್ಗು. ಮೇಲೆ ಒಣಗಿದಂತೆ ಕಂಡರೂ ಕಾಲಿಟ್ಟರೆ ಜಿನುಗುತ್ತಿತ್ತು. ಎರಡನೇ ವಾರಕ್ಕೆ ಮರಿಗಳು ಪುಕ್ಕ ಕೆದರಿಕೊಂಡು, ರೆಕ್ಕೆ ಇಳಿಬಿಟ್ಟು ಮಂಕಾಗಿ ನಿಂತವು, ಹಿಕ್ಕೆಯಲ್ಲಿ ರಕ್ತ. ಇದು ರಕ್ತಭೇದಿ, ಡಾಕ್ಟರ ಬಾಯಲ್ಲಿ ಕಾಕ್ಸಿಡಿಯೋಸಿಸ್. ಹಿಕ್ಕೆಯಲ್ಲಿ ಬೀಳುವ ಈ ರೋಗದ ಪರಾವಲಂಬಿ ಜೀವಿಯ ತತ್ತಿ ಒಣ ನೆಲದಲ್ಲಿ ಅಷ್ಟು ಬೇಗ ಹಣ್ಣಾಗುವುದಿಲ್ಲ. ತೇವ ಮತ್ತು ಬೆಚ್ಚನೆ ಎರಡೂ ಸಿಕ್ಕರೆ ಒಂದೆರಡು ದಿನದಲ್ಲೇ ರೋಗ ಹರಡಲು ತಯಾರಾಗುತ್ತದೆ, ಮರಿ ಕೆದರಿ ಕೆದರಿ ಅದನ್ನೇ ನುಂಗುತ್ತದೆ. ಮೂರರಿಂದ ಎಂಟು ವಾರದ ಮರಿಗೇ ಇದರ ಕಾಟ ಹೆಚ್ಚು. ಪಶು ಆಸ್ಪತ್ರೆಯಲ್ಲಿ ಕೇಳಿ ಕುಡಿಯುವ ನೀರಿಗೆ ಆಂಪ್ರೋಲಿಯಂ ಹಾಕುವುದು ರೂಢಿ. ಆ ದಿನಗಳಲ್ಲಿ ‘ಶಕ್ತಿ ಬರಲಿ’ ಅಂತ ಬಿ ಕಾಂಪ್ಲೆಕ್ಸ್ ಬೆರೆಸಬೇಡಿ. ಅದರಲ್ಲಿರುವ ಬಿ1 ಈ ಔಷಧಿಯ ಕೆಲಸವನ್ನೇ ಕೆಡಿಸುತ್ತದೆ. ಸುಣ್ಣ ಎರಚಿದರೆ ರೋಗ ಸಾಯುತ್ತದೆ ಅನ್ನುವುದೂ ಬರೀ ನಂಬಿಕೆ. ಸುಣ್ಣ ತೇವ ಹೀರುತ್ತದೆ, ಅಷ್ಟೇ.

ಹಾಗಾಗಿ ಮೆಶ್ಶಿಗಿಂತ ಮೊದಲು ನೆಲ. ಅಕ್ಕಪಕ್ಕದ ಮಟ್ಟಕ್ಕಿಂತ ಮುಕ್ಕಾಲು ಅಡಿ ಎತ್ತರಿಸಿ. ನೂರು ಚದರಡಿಗೆ ದಮ್ಮಸ್ಸು ಮಾಡಿದ ಮೇಲೆ 75 ಘನ ಅಡಿ ಮಣ್ಣು ನಿಲ್ಲಬೇಕು, ಸಡಿಲ ಮಣ್ಣು ಅದಕ್ಕಿಂತ ಹೆಚ್ಚೇ ತರಿಸಿ. ಎರೆ ಮಣ್ಣು ಬೇಡ, ಗರುಸು ಬೆರೆತ ಕೆಂಪು ಮಣ್ಣು ಸಿಕ್ಕರೆ ಒಳ್ಳೆಯದು. ನಡುವೆ ಸ್ವಲ್ಪ ಉಬ್ಬಾಗಿ, ಅಂಚಿಗೆ ಇಳಿಜಾರಾಗಿ ಇರಲಿ. ನೀರು ಹೋಗುವ ಕಾಲುವೆಯನ್ನು ಮೆಶ್ಶಿನ ಸೆರಗು ಮುಗಿದ ಆಚೆಗೆ ತೋಡಿ. ಒಳಗೇ ತೋಡಿದರೆ ಸೆರಗಿನ ಮಣ್ಣೇ ಕೊಚ್ಚಿ ಹೋಗುತ್ತದೆ. ತಗಡಿನ ನೀರು ಬೀಳುವ ಗೆರೆಗೆ ಅರ್ಧ ಸೀಳಿದ ಪಿವಿಸಿ ಪೈಪು ಕಟ್ಟಿ ಒಂದು ಕಡೆಗೆ ಇಳಿಸಿ. ಅಷ್ಟೂ ಆಗದಿದ್ದರೆ ಆ ಗೆರೆಗೆ ಒಂದು ಅಡಿ ಅಗಲ ಜಲ್ಲಿಯಾದರೂ ಹಾಕಿ. ಮೊದಲ ದುರಂತಕ್ಕೆ ದಾರಿ ಮಾಡಿದ್ದೇ ಆ ಗೆರೆ.

ಮಲಗುವ ಗೂಡು ಬೇರೆಯೇ ಇರಲಿ. ಹತ್ತು ಕೋಳಿಗೆ 5 ಅಡಿಗೆ 4 ಅಡಿ ಸಾಕು, ನೆಲದಿಂದ ಒಂದೂವರೆ ಅಡಿ ಮೇಲೆ, ಸೈಜುಗಲ್ಲಿನ ಮೇಲೆ ಕೂರಿಸಿ. ಹೆಗ್ಗಣದ ತಲೆನೋವು ಅಲ್ಲಿಗೆ ಹೋಗುತ್ತದೆ. ಒಳಗೆ ಭತ್ತದ ಹೊಟ್ಟು ಮೂರು ಇಂಚು. ಆಲೆಮನೆಯಿಂದ ಪುಕ್ಕಟೆ ಸಿಗುತ್ತದೆ ಅಂತ ಕಬ್ಬಿನ ಸಿಪ್ಪೆ ಹಾಸುವವರಿದ್ದಾರೆ. ಪೂರ್ತಿ ಒಣಗಿದ್ದರೆ ತೊಂದರೆ ಇಲ್ಲ, ಸ್ವಲ್ಪ ನೆನೆದರೂ ಬೂಷ್ಟು ಹಿಡಿದು ಮರಿಗಳ ಶ್ವಾಸಕೋಶ ಕೆಡಿಸುತ್ತದೆ.

ಕೆಲಸ ಮುಗಿದ ದಿನದ ಒಂದು ಅಪಾಯವನ್ನು ಯಾರೂ ಹೇಳುವುದಿಲ್ಲ: ಮೆಶ್ಶು ಕತ್ತರಿಸುವಾಗ ಉದುರಿದ ಅಕ್ಕಿಕಾಳಿನಷ್ಟು ತಂತಿ ಚೂರುಗಳು. ಹೊಳೆಯುವುದು ಕಂಡರೆ ಕೋಳಿ ಕುಕ್ಕದೆ ಬಿಡುವುದಿಲ್ಲ. ನುಂಗಿದ ಚೂರು ಮೇವು ಅರೆಯುವ ಕಲ್ಲುಹೊಟ್ಟೆಯಲ್ಲಿ ಕೂತು ಚುಚ್ಚುತ್ತದೆ, ಮೇಲಿನ ಸತುವಿನ ಲೇಪ ಕರಗಿ ವಿಷವೂ ಆಗುತ್ತದೆ. ಮೆಶ್ಶನ್ನು ಗೂಡಿನ ಹತ್ತಿರ ಕತ್ತರಿಸಲೇಬೇಡಿ. ಕತ್ತರಿಸಿದ್ದರೆ ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆ ಎರಡು ಸಲ ಎಳೆಯಿರಿ. ಹಾಗೇ ಗೆದ್ದಲಿಗೆ ಅಂತ ಕಂಬದ ಬುಡಕ್ಕೆ ಕ್ಲೋರ್‌ಪೈರಿಫಾಸ್ ಸುರಿಯಬೇಡಿ. ಸತ್ತು ಬಿದ್ದ ಗೆದ್ದಲನ್ನು ಮೊದಲು ತಿನ್ನುವುದೇ ಕೋಳಿ. ಸರ್ವೆ ಕಂಬದ ಬುಡ ಸುಟ್ಟು ಡಾಂಬರು ಬಳಿದು ಹೂಳಿ, ಇಲ್ಲವೇ ಕಬ್ಬಿಣದ ಪೈಪು ಹಾಕಿ.

ಬಿಸಿಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗೂಡಿನ ಉದ್ದ ಪೂರ್ವ ಪಶ್ಚಿಮ, ಮಾರ್ಚಿಂದ ಮೇ ತನಕ ತಗಡಿನ ಮೇಲೆ ತೆಂಗಿನ ಗರಿ. ಮೇ ತಿಂಗಳ ಗಾಳಿಮಳೆಗೆ ತಗಡು ಹಾರದ ಹಾಗೆ ಜೆ ಬೋಲ್ಟ್ ಹಾಕಿಸಿ, ಮೇಲೆ ಕಲ್ಲು ಹೇರಿದರೆ ಸಾಲದು.

ಬಾಗಿಲ ಕೆಳಗೆ ಮಣ್ಣು ಬಿಡಬೇಡಿ, ಒಂದು ಚಪ್ಪಡಿ ಕಲ್ಲು ಕೂರಿಸಿ. ಬಾಗಿಲಿಗೂ ಕಲ್ಲಿಗೂ ನಡುವೆ ಬೆರಳು ತೂರಬಾರದು. ಚಿಲಕ ಎರಡು ಇರಲಿ, ಒಂದು ಮೇಲೆ, ಒಂದು ಕೆಳಗೆ. ಒಂದೇ ಚಿಲಕದ ಬಾಗಿಲನ್ನು ನಾಯಿ ಕೆಳಮೂಲೆಯಲ್ಲಿ ಒತ್ತಿದರೆ ಸೊಟ್ಟಗಾಗಿ ಸಂದಿ ಬಿಡುತ್ತದೆ. ಹಕ್ಕಿ ಬಿಡುವ ಮುಂಚೆ ಎರಡು ಪರೀಕ್ಷೆ ಮಾಡಿ. ಹಗಲು ತಗಡಿನ ಮೇಲೆ ನಾಲ್ಕು ಬಿಂದಿಗೆ ನೀರು ಸುರಿದು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಕತ್ತಲಾದ ಮೇಲೆ ಒಳಗೆ ಒಂದು ಬ್ಯಾಟರಿ ಹಚ್ಚಿಟ್ಟು, ಹೊರಗಿಂದ ಕುಕ್ಕರುಗಾಲಲ್ಲಿ ಸುತ್ತ ಒಂದು ಸಲ ಬನ್ನಿ. ಬುಡದಲ್ಲಿ ಎಲ್ಲಿ ನೇರ ಬೆಳಕು ಸೋರುತ್ತದೋ ಅಲ್ಲಿ ಸಂದಿ ಇದೆ. ರಿಪೇರಿ ಆಯಿತು ಅಂದುಕೊಂಡಿದ್ದ ಆ ಗೂಡಿಗೆ ಹೀಗೆ ಬೆಳಕು ಹಾಕಿ ನೋಡಿದಾಗ, ಹಿಂದಿನ ಮೂಲೆಯಲ್ಲಿ ಇನ್ನೂ ಎರಡು ಕಡೆ ಸೋರುತ್ತಿತ್ತು.