ಅಡುಗೆಮನೆ ಗೋಡೆಯ ಪುಟ್ಟ ಸ್ಕ್ರೀನ್: ಮೂರು ವರ್ಷ ಬಳಸಿದ ಮೇಲೆ

ಮನೆಗೆ ಬಂದವರೆಲ್ಲ "ಇದೇನು, ಗಡಿಯಾರಾನಾ?" ಅಂತ ಕೇಳುತ್ತಾರೆ. ಅಲ್ಲ. ಮನೆ ಈಗ ಎಷ್ಟು ವ್ಯಾಟ್ ಎಳೆಯುತ್ತಿದೆ, ವೋಲ್ಟೇಜ್ ಎಷ್ಟಿದೆ, ಈ ತಿಂಗಳು ಎಷ್ಟು ಯೂನಿಟ್ ಆಯಿತು ಅಂತ ಹೇಳುವ ಓಎಲ್ಇಡಿ ಸ್ಕ್ರೀನ್. ಅದರ ಹಿಂದೆ ಒಂದು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಅನ್ನುವ ಪುಟ್ಟ ಕಂಪ್ಯೂಟರ್, ಮೀಟರ್ ಬೋರ್ಡಿನಲ್ಲಿ ಕರೆಂಟ್, ವೋಲ್ಟೇಜ್ ಅಳೆಯುವ ಪಿಜೆಮ್-004ಟಿ ಮಾಡ್ಯೂಲ್. ಮೊದಲು ಇದೇ ಲೆಕ್ಕ ಮೊಬೈಲಿನಲ್ಲಿ ಬರುವ ಹಾಗೆ ಮಾಡಿದ್ದೆ. ಮನೆಯಲ್ಲಿ ನಾನು ಬಿಟ್ಟು ಯಾರೂ ತೆಗೆದು ನೋಡಲಿಲ್ಲ.

ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಮೇನ್ ಲೈನಿನ ಜೊತೆ ಆಟ ಬೇಡ. ಆದರೆ ಅವರಿಗೂ ಒಂದು ಮಾತು ಹೇಳಿ: ಮಾಡ್ಯೂಲಿನ ಕರೆಂಟ್ ಅಳೆಯುವ ಕಾಯಿಲ್ ಬಳೆಯೊಳಗೆ ಫೇಸ್ ವೈರ್ ಒಂದೇ ಹೋಗಬೇಕು. ನಮ್ಮಲ್ಲಿ ಮೊದಲು ಫೇಸ್, ನ್ಯೂಟ್ರಲ್ ಎರಡನ್ನೂ ತೂರಿಸಿದ್ದರು. ಗೀಸರ್ ಓಡುತ್ತಿದ್ದರೂ ಸ್ಕ್ರೀನಿನಲ್ಲಿ ಸೊನ್ನೆ! ಹೋಗುವ ಕರೆಂಟ್, ಬರುವ ಕರೆಂಟ್ ಒಂದನ್ನೊಂದು ಹೊಡೆದು ಹಾಕಿದರೆ ಇನ್ನೇನು ತೋರಿಸುತ್ತದೆ?

ಬಂದ ಹೊಸದರಲ್ಲಿ ಪೈ ಬಿಸಿ, ಐಪಿ ನಂಬರ್, ಮೆಮೊರಿ, ಪವರ್ ಫ್ಯಾಕ್ಟರ್ ಎಲ್ಲವನ್ನೂ 128×64 ಚುಕ್ಕೆಯೊಳಗೆ ತುರುಕಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡಿ, "ಇರುವೆ ಸಾಲಿನ ಹಾಗಿದೆ ಕಣೋ" ಅಂದರು. ಈಗ ಮಧ್ಯದಲ್ಲಿ ವ್ಯಾಟಿನ ಒಂದೇ ದೊಡ್ಡ ಸಂಖ್ಯೆ, ಕೆಳಗೆ ಚಿಕ್ಕದಾಗಿ ವೋಲ್ಟೇಜ್ ಮತ್ತು "112/143". ನಮ್ಮ ಗೃಹಜ್ಯೋತಿ ಲೆಕ್ಕ ಅದು: ಮೊದಲನೆಯದು ಈ ತಿಂಗಳು ಬಳಸಿದ ಯೂನಿಟ್, ಎರಡನೆಯದು ಉಚಿತದ ಮಿತಿ. 2022-23ರ ಸರಾಸರಿ 130 ಯೂನಿಟ್, ಅದರ ಮೇಲೆ ಶೇ 10 ಸೇರಿ 143. ತಿಂಗಳ ಕೊನೆ ವಾರದಲ್ಲಿ ಎಲ್ಲರ ಕಣ್ಣೂ ಅದರ ಮೇಲೇ. "ಗೀಸರ್ ಆರಿಸಿಲ್ವಾ, ಎರಡು ಸಾವಿರ ತೋರಿಸ್ತಿದೆ ನೋಡು" ಅನ್ನುವುದು ಈಗ ನಾನಲ್ಲ, ಅಮ್ಮ.

ನಿಜವಾದ ಲಾಭ ಸಂಪ್ ಮೋಟಾರಿನಿಂದ ಬಂತು. ಮೋಟಾರ್ ಹಾಕಿದರೆ ಸಂಖ್ಯೆ ಸುಮಾರು 900 ಮೇಲೇರುತ್ತದೆ. ಒಂದು ಬೆಳಿಗ್ಗೆ ಬರೀ 450 ಏರಿತು. ಸಂಪ್ ಖಾಲಿ, ಪಂಪ್ ಸುಮ್ನೆ ಗಾಳಿ ತಿರುಗಿಸುತ್ತಿತ್ತು. ಓಡಿ ಹೋಗಿ ಆಫ್ ಮಾಡಿದೆ.

ಕನ್ನಡ ಅಕ್ಷರದ್ದೇ ಒಂದು ಕತೆ. ಸ್ಕ್ರೀನಿಗೆ ಅಕ್ಷರ ಬಿಡಿಸುವ ಪೈಥಾನಿನ ಪಿಲ್ಲೋ ಲೈಬ್ರರಿಗೆ, ಅಕ್ಷರ ಜೋಡಿಸುವ ರಾಕ್ಮ್ ಲೈಬ್ರರಿ ಜೊತೆ ಇಲ್ಲದಿದ್ದರೆ ಒತ್ತಕ್ಷರ ಕೂಡುವುದಿಲ್ಲ, "ವ್ಯಾಟ್" ಮುರಿದು ಬೀಳುತ್ತದೆ. ಅದು ಸರಿಹೋದರೂ ಚಿಕ್ಕ ಅಳತೆಯಲ್ಲಿ ಒತ್ತು ಕಲಸಿಹೋಗುತ್ತದೆ. ಕೊನೆಗೆ ಒತ್ತಿಲ್ಲದ "ಯೂನಿಟ್" ಮಾತ್ರ ಉಳಿಸಿಕೊಂಡೆ.

ದೂರುಗಳೂ ಇವೆ. ಒಂದೂವರೆ ವರ್ಷಕ್ಕೆ ಓಎಲ್ಇಡಿ ಮೇಲೆ ಅಚ್ಚು ಬಿತ್ತು. ಆಫ್ ಮಾಡಿ ಮತ್ತೆ ಪೂರ್ತಿ ಬೆಳಗಿಸಿದರೂ ಹಳೇ ಅಕ್ಷರದ ನೆರಳು ಕಾಣುತ್ತಿತ್ತು. ಬದಲಿಗೆ ಆನ್‌ಲೈನಿನಲ್ಲಿ 1.3 ಇಂಚಿನದು ತರಿಸಿದೆ. ಎಸ್ಎಸ್‌ಡಿ1306 ಚಿಪ್ ಅಂತ ಬರೆದು ಎಸ್ಎಚ್1106 ಚಿಪ್ ಇರುವುದನ್ನು ಕಳಿಸಿದ್ದರು, ಅಂಚಿನಲ್ಲಿ ಕಸದ ಗೆರೆ. ಪೈಯಲ್ಲಿ ಸ್ಕ್ರೀನಿನ ಡ್ರೈವರ್ ಪ್ರೋಗ್ರಾಂ ಬದಲಿಸಿದ ಮೇಲೆ ಸರಿಯಾಯಿತು. ಈಗ ನಿಮಿಷಕ್ಕೊಮ್ಮೆ ಸಂಖ್ಯೆ ಎರಡು ಚುಕ್ಕೆ ಸರಿಯುತ್ತದೆ, ರಾತ್ರಿ 11ಕ್ಕೆ ಸ್ಕ್ರೀನ್ ಮಲಗುತ್ತದೆ. ಪದೇ ಪದೇ ಕರೆಂಟ್ ಹೋಗಿ ಮೆಮೊರಿ ಕಾರ್ಡ್ ಎರಡು ಸಲ ಕೆಟ್ಟಿತು, ಹಾಗಾಗಿ ಪೈಯನ್ನು ಯುಪಿಎಸ್ ಲೈನಿಗೆ ಹಾಕಿದೆ.

ಅದರಿಂದ ಇನ್ನೊಂದು ಎಡವಟ್ಟು. ಕರೆಂಟ್ ಹೋದರೆ ಪಿಜೆಮ್ ಕೂಡ ಸತ್ತಿರುತ್ತದೆ, ಪೈ ಮಾತ್ರ ಯುಪಿಎಸ್‌ನಲ್ಲಿ ಬದುಕಿ ಕೊನೆಯ ಸಂಖ್ಯೆಯನ್ನೇ ತೋರಿಸುತ್ತಿತ್ತು. "228 ವೋಲ್ಟ್ ಇದೆಯಲ್ಲ, ಗ್ರೈಂಡರ್ ಯಾಕೆ ತಿರುಗ್ತಿಲ್ಲ?" ಅಂತ ಅಮ್ಮ ಗ್ರೈಂಡರನ್ನೇ ಬೈದರು. ತಪ್ಪು ನನ್ನದು. ಈಗ ಪಿಜೆಮ್‌ನಿಂದ ಹತ್ತು ಸೆಕೆಂಡ್ ಉತ್ತರ ಬರದಿದ್ದರೆ ಸಂಖ್ಯೆಯ ಜಾಗದಲ್ಲಿ ಮೂರು ಗೆರೆ ಬೀಳುತ್ತವೆ.

ಛಾವಣಿ ಮೇಲೆ ಸೋಲಾರ್ ಇರುವವರು ಬೇರೆ ಮಾಡ್ಯೂಲ್ ನೋಡಿಕೊಳ್ಳಿ. ಇದಕ್ಕೆ ಕರೆಂಟ್ ಹರಿಯುವ ದಿಕ್ಕು ಗೊತ್ತಿಲ್ಲ, ಗ್ರಿಡ್ಡಿಗೆ ಕಳಿಸಿದ ಯೂನಿಟ್ಟನ್ನೂ ಖರ್ಚಿಗೇ ಸೇರಿಸುತ್ತದೆ.