ಕೆಂಚನ ಊಟದ ಮೆಷಿನ್: ಎರಡೂವರೆ ವರ್ಷ ಬಳಸಿದ ಮೇಲೆ

ನಮ್ಮ ಬೆಕ್ಕಿನ ಹೆಸರು ಕೆಂಚ. ಮೈಬಣ್ಣ ನೋಡಿ ಅಮ್ಮ ಇಟ್ಟಿದ್ದು. ಗಂಡು, ಆಪರೇಷನ್ ಆಗಿದೆ, ವಯಸ್ಸು ಆರು. ನಾನೂ ನಮ್ಮ ಯಜಮಾನರೂ ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ ಎಂಟಕ್ಕೆ. ಇದು ದಿನದ ಕಥೆ. ಇದರ ಮೇಲೆ ತಿಂಗಳಿಗೊಮ್ಮೆ ಸಾಗರಕ್ಕೆ ಹೋಗಬೇಕು, ಅಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಶುಕ್ರವಾರ ರಾತ್ರಿ ತಾಳಗುಪ್ಪ ರೈಲು ಹತ್ತಿದರೆ ಮತ್ತೆ ಬೆಂಗಳೂರು ನೋಡುವುದು ಸೋಮವಾರ ಬೆಳಗ್ಗೆ.

ಕೆಂಚನನ್ನು ಒಮ್ಮೆ ಕಾರಿನಲ್ಲಿ ಕರೆದುಕೊಂಡು ಹೋಗಿ ನೋಡಿದೆವು. ನೆಲಮಂಗಲಕ್ಕೂ ಮೊದಲು ಶುರುವಾದ ಅಳು ಅರಸೀಕೆರೆ ಬಂದರೂ ನಿಲ್ಲಲಿಲ್ಲ. ಇನ್ನೊಮ್ಮೆ ಸಾಕುಪ್ರಾಣಿಗಳನ್ನು ನೋಡಿಕೊಳ್ಳುವ ಬೋರ್ಡಿಂಗ್‌ನಲ್ಲಿ ಬಿಟ್ಟೆವು. ಜಾಗ ಚೆನ್ನಾಗಿತ್ತು, ಜನ ಒಳ್ಳೆಯವರು. ಆದರೆ ಇವನು ಎರಡು ದಿನ ಬಾಯಿಗೆ ಒಂದು ಕಾಳು ಹಾಕಿಕೊಳ್ಳಲಿಲ್ಲ. ಬೆಕ್ಕು ಹಾಗೆ ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯಲ್ಲಿರುವ ಕೊಬ್ಬು ಲಿವರ್‌ಗೆ ಬಂದು ತುಂಬಿಕೊಳ್ಳುತ್ತದಂತೆ, ಅದೂ ದಪ್ಪ ಬೆಕ್ಕಿಗೆ ಅಪಾಯ ಜಾಸ್ತಿ ಅಂತ ಡಾಕ್ಟರ್ ಹೇಳಿದರು. ಇವನು ದಪ್ಪವೇ. ಅಲ್ಲಿಗೆ ಬೋರ್ಡಿಂಗ್ ಆಸೆ ಬಿಟ್ಟೆವು.

ಹಾಗಾಗಿ 2023ರ ಮಾರ್ಚ್‌ನಲ್ಲಿ ಈ ಆಟೋಮ್ಯಾಟಿಕ್ ಫೀಡರ್ ಬಂತು. 5,499 ರೂಪಾಯಿ. ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ. ಇದೇ ಅಚ್ಚಿನ ಡಬ್ಬ ಬೇರೆ ಬೇರೆ ಸ್ಟಿಕರ್ ಅಂಟಿಸಿಕೊಂಡು ಬೇರೆ ಬೇರೆ ಬೆಲೆಗೆ ಮಾರಾಟ ಆಗುತ್ತಿರುವುದನ್ನು ಆಮೇಲೆ ನೋಡಿದೆ. ಮೇಲೆ ನಾಲ್ಕು ಲೀಟರಿನ ಡಬ್ಬ, ಕೆಳಗೆ ಸ್ಟೀಲ್ ಬಟ್ಟಲು, ನಡುವೆ ತಿರುಗುವ ಒಂದು ರಬ್ಬರ್ ಚಕ್ರ. ಹೊತ್ತಿಗೆ ಸರಿಯಾಗಿ ಚಕ್ರ ತಿರುಗುತ್ತದೆ, ಬೆಕ್ಕಿನ ಒಣ ಊಟದ ಕಾಳು ಬೀಳುತ್ತದೆ, ಫೋನಿಗೆ "ಫೀಡಿಂಗ್ ಸಕ್ಸಸ್‌ಫುಲ್" ಅಂತ ಮೆಸೇಜ್ ಬರುತ್ತದೆ. ಅಷ್ಟೇ ಇದರ ಕೆಲಸ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ನಕ್ಕೂ ನಕ್ಕೂ ಸಾಕಾಯಿತು ಅವರಿಗೆ. "ಅಲ್ವೇ, ಬೆಕ್ಕಿಗೂ ಮೆಷಿನ್ನೇನೇ? ನಮ್ಮನೆ ಬೆಕ್ಕಿಗೆ ಕೊಟ್ಟಿಗೆ ಬಾಗಿಲು ತೆಗೆದಿಟ್ರೆ ಸಾಕಾಗಿತ್ತು." ನಿಜವೇ. ಆದರೆ ನಾಲ್ಕನೇ ಮಹಡಿಯಲ್ಲಿ ಕೊಟ್ಟಿಗೆ ಎಲ್ಲಿಂದ ತರುವುದು?

ಸೆಟ್ ಮಾಡುವಾಗಲೇ ಒಂದು ಸಂಜೆ ಹಾಳಾಯಿತು. ಇದಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, ನಮ್ಮ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಲ್ಲಿ ಕೊಡುತ್ತಿತ್ತು. ರೂಟರ್‌ನಲ್ಲಿ ಎರಡನ್ನೂ ಬೇರೆ ಬೇರೆ ಹೆಸರಿಗೆ ಬದಲಿಸಿದ ಮೇಲೆ ಸರಿಹೋಯಿತು. ಒಂದು ಸಮಾಧಾನ ಎಂದರೆ ಊಟದ ವೇಳಾಪಟ್ಟಿ ಮೆಷಿನ್ ಒಳಗೇ ಇರುತ್ತದೆ. ಇಂಟರ್‌ನೆಟ್ ಹೋದರೂ ಕಾಳು ಬೀಳುತ್ತದೆ, ಮೆಸೇಜ್ ಮಾತ್ರ ಬರುವುದಿಲ್ಲ.

ಕರೆಂಟ್ ಹೋದರೆ? ಅದಕ್ಕೆ ತಳದಲ್ಲಿ ಟಾರ್ಚಿನ ದಪ್ಪ ಸೆಲ್ ಮೂರು ಹಾಕಬೇಕು. ನಾನು ಮೊದಲು ಮೂಲೆ ಅಂಗಡಿಯ ಅಗ್ಗದ ಸೆಲ್ ಹಾಕಿ ಮರೆತುಬಿಟ್ಟೆ. ಒಂದು ವರ್ಷ ಆದ ಮೇಲೆ ಮಳೆಗಾಲದ ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ನಾವು ಬರುವವರೆಗೂ ಬರಲಿಲ್ಲ. ಮನೆಗೆ ಬಂದರೆ ಬಟ್ಟಲು ಖಾಲಿ, ಕೆಂಚ ಮೆಷಿನ್ ಮುಂದೆ ಧರಣಿ ಕೂತಿದ್ದ. ತಳ ಬಿಚ್ಚಿ ನೋಡಿದರೆ ಸೆಲ್ ಸೋರಿ ಬಿಳಿ ಪುಡಿ ಕಟ್ಟಿತ್ತು. ತಪ್ಪು ನನ್ನದೇ. ಈಗ ಆಲ್ಕಲೈನ್ ಸೆಲ್ ಹಾಕುತ್ತೇನೆ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಬದಲಿಸುತ್ತೇನೆ. ಹಬ್ಬದ ಲೆಕ್ಕ ಇಟ್ಟುಕೊಂಡರೆ ಮರೆಯುವುದಿಲ್ಲ.

ಬಾಕ್ಸಿನ ಮೇಲೆ ಎಲ್ಲೂ ಬರೆದಿರದ ಸಮಸ್ಯೆ ಇರುವೆ. ಬಟ್ಟಲಲ್ಲಿ ನಾಲ್ಕು ಕಾಳು ಉಳಿದರೆ ಸಾಕು, ಅರ್ಧ ಗಂಟೆಯಲ್ಲಿ ಸಾಲು ಹಿಡಿದು ಬಂದುಬಿಡುತ್ತವೆ. ಇರುವೆ ಹತ್ತಿದ ಬಟ್ಟಲನ್ನು ಕೆಂಚ ಮೂಸಿಯೂ ನೋಡುವುದಿಲ್ಲ. ಇರುವೆ ಪುಡಿ ಹಾಕುವ ಹಾಗಿಲ್ಲ, ಬೆಕ್ಕು ಕಾಲು ನೆಕ್ಕಿಕೊಳ್ಳುತ್ತದೆ. ಪರಿಹಾರ ಅಮ್ಮನ ಕಡೆಯಿಂದ ಬಂತು. ಹಿಂದೆ ಹಾಲಿನ ಬೀರುವಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಿದ್ದರಲ್ಲ, ಅದೇ ಉಪಾಯ. ದೊಡ್ಡ ಸ್ಟೀಲ್ ತಟ್ಟೆಗೆ ಒಂದು ಬೆರಳು ನೀರು, ನಡುವೆ ಒಂದು ಮಣೆಯಷ್ಟೆತ್ತರದ ಕಲ್ಲು, ಅದರ ಮೇಲೆ ಫೀಡರ್. ಐದೂವರೆ ಸಾವಿರದ ಮೆಷಿನ್ ಈಗ ಕೆರೆ ನಡುವಿನ ಗುಡಿ ತರಹ ಕಾಣುತ್ತದೆ. ವೈರ್ ಮೇಲಿಂದ ಇಳಿಬಿಡಿ, ಇಲ್ಲದಿದ್ದರೆ ಇರುವೆಗೆ ಅದೇ ಸೇತುವೆ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಡಬ್ಬ ತುಂಬಿಸಿಟ್ಟರೆ ಕಾಳು ಮೆತ್ತಗಾಗಿ ಚಕ್ರಕ್ಕೆ ಅಂಟಿಕೊಳ್ಳುತ್ತದೆ. ಮುಚ್ಚಳದಲ್ಲಿ ತೇವ ಹೀರುವ ಪುಡಿಯ ಪೊಟ್ಟಣ ಇಡುವ ಜಾಗ ಇದೆ, ಆದರೂ ಜುಲೈ ಆಗಸ್ಟ್‌ನಲ್ಲಿ ಅರ್ಧ ಕೆಜಿಗಿಂತ ಜಾಸ್ತಿ ಹಾಕಬೇಡಿ. ಈವರೆಗೆ ಮೂರು ಸಲ ಸಿಕ್ಕಿಹಾಕಿಕೊಂಡಿದೆ. ಎರಡು ಸಲ ಮೆಷಿನ್ ಎಚ್ಚರಿಕೆ ಕೊಟ್ಟಿತು. ಒಂದು ಸಲ ಖಾಲಿ ಚಕ್ರ ತಿರುಗಿಸಿ "ಫೀಡಿಂಗ್ ಸಕ್ಸಸ್‌ಫುಲ್" ಅಂತ ಹೇಳಿ ಸುಮ್ಮನಾಯಿತು.

ಅಳತೆ ಬಗ್ಗೆ ಹೇಳಲೇಬೇಕು. ಒಂದು ಪೋರ್ಷನ್ ಅಂದರೆ 10 ಗ್ರಾಂ ಅಂತ ಪುಸ್ತಕದಲ್ಲಿದೆ. ದಿನಕ್ಕೆ ಆರು ಪೋರ್ಷನ್, 60 ಗ್ರಾಂ, ಇವನಿಗೆ ಸರಿ. ಎಂಟು ತಿಂಗಳಾದ ಮೇಲೆ ಡಾಕ್ಟರ್ ತೂಕ ನೋಡಿದರೆ 4.6 ಕೆಜಿ ಇದ್ದವನು 5.4! ಮನೆಗೆ ಬಂದು ಅಡುಗೆ ತಕ್ಕಡಿಯಲ್ಲಿ ಅಳೆದೆ. ನಮ್ಮ ಕಾಳು ಸಣ್ಣದು, ಒಂದು ಸಲಕ್ಕೆ 13 ಗ್ರಾಂ ಬೀಳುತ್ತಿತ್ತು. ದಿನಕ್ಕೆ 18 ಗ್ರಾಂ ಪುಕ್ಕಟೆ ಊಟ. ಬ್ರ್ಯಾಂಡ್ ಬದಲಿಸಿದಾಗಲೆಲ್ಲ ಹತ್ತು ಸಲ ಬೀಳಿಸಿ ತೂಗಿ ನೋಡಿ.

ದನಿ ರೆಕಾರ್ಡ್ ಮಾಡುವ ಸೌಲಭ್ಯ ಇದೆ. "ಕೆಂಚಾ, ಬಾರೋ, ಊಟ" ಅಂತ ನನ್ನ ದನಿ ಹಾಕಿದ್ದೆ. ಮೊದಲ ವಾರ ಅವನು ಓಡಿ ಬಂದು ಮೆಷಿನ್ ಹಿಂದೆ ಹೋಗಿ ನನ್ನನ್ನು ಹುಡುಕುತ್ತಿದ್ದ. ಅದನ್ನು ಕ್ಯಾಮೆರಾದಲ್ಲಿ ನೋಡಿ ಆಫೀಸಿನಲ್ಲಿ ಕೂತು ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಆಮೇಲೆ ನಮ್ಮ ಅತ್ತೆ ಬಂದು ಉಳಿದಾಗ ಬೆಳಗಿನ ಐದೂವರೆಗೆ ಕತ್ತಲೆಯ ಹಾಲ್‌ನಲ್ಲಿ ನನ್ನ ದನಿ ಕೇಳಿ, ತಿರುಗಿ ನೋಡಿದರೆ ಯಾರೂ ಇಲ್ಲ, ಅವರು ರಾಮ ರಾಮ ಅಂದುಕೊಂಡು ರೂಮಿಗೆ ಓಡಿದರು. ಅವತ್ತೇ ದನಿ ತೆಗೆದೆ.

ಇನ್ನು ಕ್ಯಾಮೆರಾ. ಅದು ಬೇರೆ, 1,800 ರೂಪಾಯಿಯದು, ಸುತ್ತಲೂ ತಿರುಗುತ್ತದೆ. ಹಗಲು ಹೊತ್ತು ತೆಗೆದು ನೋಡಿದರೆ ಕಾಣುವುದು ಮಲಗಿರುವ ಬೆಕ್ಕು. ಬೆಕ್ಕುಗಳು ದಿನಕ್ಕೆ 12ರಿಂದ 16 ಗಂಟೆ ಮಲಗುತ್ತವೆ, ನಮ್ಮವನು ಅದರಲ್ಲಿ ಒಂದು ನಿಮಿಷ ಬಿಟ್ಟುಕೊಡುವುದಿಲ್ಲ. ಒಬ್ಬನೇ ಬೇಜಾರು ಮಾಡಿಕೊಂಡು ಅಳುತ್ತಾನೇನೋ ಅಂದುಕೊಂಡಿದ್ದೆ. ಎಂಟು ಹತ್ತು ಗಂಟೆಗೆ ಹಾಗೇನೂ ಇಲ್ಲ.

ಈಗ ಮುಖ್ಯ ವಿಷಯ. 2024ರ ಗೌರಿ ಹಬ್ಬ ಶುಕ್ರವಾರ ಬಿತ್ತು, ಗಣೇಶ ಶನಿವಾರ. ನಾವು ಗುರುವಾರ ರಾತ್ರಿಯೇ ಹೊರಟೆವು. ಫೀಡರ್ ತುಂಬಿತ್ತು, ಮೂರು ಕಡೆ ನೀರು, ಎರಡು ಲಿಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡುವ ಮರಳಿನ ತಟ್ಟೆ, ಮೂತ್ರ ಬಿದ್ದ ಕಡೆ ಮರಳು ಉಂಡೆ ಕಟ್ಟುತ್ತದೆ). ಆಗೆಲ್ಲ ಎದುರು ಮನೆ ಆಂಟಿ ಹತ್ತಿರ ಒಂದು ಕೀ ಇಟ್ಟಿರುತ್ತಿದ್ದೆವು, ಆದರೆ ಅವರನ್ನು ಒಳಗೆ ಬರಲು ಹೇಳುತ್ತಿರಲಿಲ್ಲ. ಮೆಷಿನ್ ಇದೆಯಲ್ಲ!

ಶುಕ್ರವಾರ ಎಲ್ಲ ಮೆಸೇಜೂ ಬಂದವು. ಶನಿವಾರ ಬೆಳಗ್ಗೆಯೂ ಬಂತು, ಮಧ್ಯಾಹ್ನವೂ ಬಂತು. ಫೀಡಿಂಗ್ ಸಕ್ಸಸ್‌ಫುಲ್. ನಾನು ಕಡುಬು ಬೇಯಿಸುತ್ತಾ ಸುಮ್ನೆ ಒಮ್ಮೆ ಕ್ಯಾಮೆರಾ ತೆಗೆದೆ. ಕೆಂಚ ಲಿಟರ್ ಟ್ರೇಯಲ್ಲಿ ಕೂತಿದ್ದ. ಹತ್ತು ನಿಮಿಷ ಬಿಟ್ಟು ನೋಡಿದರೆ ಮತ್ತೆ ಟ್ರೇ. ಮೂರನೇ ಸಲ ನೋಡಿದಾಗ ಪಕ್ಕದ ಟ್ರೇ. ಮಲಬದ್ಧತೆ ಇರಬೇಕು ಅಂದುಕೊಂಡೆ ನೋಡಿ, ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಆದರೂ ಮನಸ್ಸು ತಡೆಯದೆ ಆಂಟಿಗೆ ಫೋನ್ ಮಾಡಿದೆ. ಆಂಟಿಗೆ ಬೆಕ್ಕು ಅಂದರೆ ಆಗುವುದಿಲ್ಲ. "ನಾನು ಬಾಗಿಲಲ್ಲೇ ನಿಂತ್ಕೋತೀನಿ ಕಣಮ್ಮ, ಮಗನ್ನ ಒಳಗೆ ಕಳಿಸ್ತೀನಿ" ಅಂದರು. ಅವರ ಮಗ ಪಿಯುಸಿ ಓದುವ ಹುಡುಗ. ಒಳಗೆ ಹೋಗಿ ಅಲ್ಲಿಂದಲೇ ಹೇಳಿದ: "ಅಕ್ಕ, ಬಟ್ಟಲು ತುಂಬಿ ಹೊರಗೆ ಚೆಲ್ಲಿದೆ. ಏನೂ ತಿಂದಿಲ್ಲ ಇವನು. ಟ್ರೇ ಒಣಗಿದೆ."

ಮೂತ್ರ ಕಟ್ಟಿಕೊಂಡಿತ್ತು. ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಪೂರ. ಮರಳಿನಂಥ ಹರಳೂ ಲೋಳೆಯೂ ಸೇರಿ ಬಿರಡೆ ಹಾಕಿದ ಹಾಗೆ ಆಗಿಬಿಡುತ್ತದೆ. ಆಗ ಹೊರಗೆ ಹೋಗಬೇಕಾದ ವಿಷ ರಕ್ತದಲ್ಲೇ ಉಳಿದು, ಪೊಟ್ಯಾಸಿಯಂ ಏರಿ, ಹೃದಯಕ್ಕೆ ಪೆಟ್ಟು ಬೀಳುತ್ತದೆ. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಆ ಹುಡುಗ ಹಬ್ಬದ ದಿನ ಬುಟ್ಟಿಯಲ್ಲಿ ಕೆಂಚನನ್ನು ಇಟ್ಟುಕೊಂಡು ಆಟೋ ಹತ್ತಿದ. ನಾವು ಸಿಕ್ಕ ಬಸ್ಸು ಹತ್ತಿ ಬರುವಷ್ಟರಲ್ಲಿ ಅರಿವಳಿಕೆ ಕೊಟ್ಟು ಮೂತ್ರ ಹೊರಗೆ ಬರಲು ಕ್ಯಾಥೆಟರ್ ನಳಿಕೆ ಹಾಕಿದ್ದರು. ಮೂರು ದಿನ ಡ್ರಿಪ್. ಬಿಲ್ಲಿನಲ್ಲಿ ಇನ್ನೂ ನಾಲ್ಕು ಫೀಡರ್ ಕೊಳ್ಳಬಹುದಿತ್ತು.

ಮೆಷಿನ್ ಸುಳ್ಳು ಹೇಳಿರಲಿಲ್ಲ. ಕಾಳು ಬಿತ್ತು ಅಂದಿತ್ತು, ಬಿದ್ದಿತ್ತು. ತಿಂದ ಅಂತ ಅಂದುಕೊಂಡಿದ್ದು ನಾನು.

ಅದಾದ ಮೇಲೆ ಮನೆಯ ಪದ್ಧತಿ ಬದಲಾಯಿತು. ಒಣ ಕಾಳಿನಲ್ಲಿ ನೀರು ಶೇಕಡಾ 10ರಷ್ಟು ಮಾತ್ರ, ಪೌಚಿನ ಹಸಿ ಊಟದಲ್ಲಿ 75ಕ್ಕಿಂತ ಜಾಸ್ತಿ. ಬೆಕ್ಕು ಮೂಲದಲ್ಲಿ ಮರುಭೂಮಿ ಕಡೆಯ ಪ್ರಾಣಿ, ಬಾಯಾರಿಕೆ ಕಡಿಮೆ, ಬಟ್ಟಲು ತುಂಬ ನೀರಿಟ್ಟರೂ ಬೇಕಾದಷ್ಟು ಕುಡಿಯುವುದಿಲ್ಲ. ಈಗ ಬೆಳಗ್ಗೆ ರಾತ್ರಿ ಪೌಚು, ಮೇಲೆ ಎರಡು ಚಮಚ ನೀರು. ಫೀಡರ್‌ನಿಂದ ಮಧ್ಯಾಹ್ನಕ್ಕೆ ಮತ್ತು ಬೆಳಗಿನ ಐದೂವರೆಗೆ ಮಾತ್ರ, ಡಾಕ್ಟರ್ ಬರೆದುಕೊಟ್ಟ ಕಾಳು. ಹಸಿ ಊಟ ಈ ಮೆಷಿನ್‌ಗೆ ಹಾಕುವಂತಿಲ್ಲ. ಐಸ್ ಪ್ಯಾಕ್ ಇಡುವ ಬೇರೆ ಥರದ್ದು ಸಿಗುತ್ತದೆ, ಆದರೆ ಏಪ್ರಿಲ್ ಬಿಸಿಲಲ್ಲಿ ಅದನ್ನು ನಂಬುವ ಧೈರ್ಯ ನನಗಿಲ್ಲ.

ಒಂದು ರಾತ್ರಿಗಿಂತ ಜಾಸ್ತಿ ಹೋಗುವುದಾದರೆ ದಿನಕ್ಕೊಮ್ಮೆ ಮನುಷ್ಯರು ಬರಲೇಬೇಕು. ನಮ್ಮ ಏರಿಯಾದಲ್ಲಿ ಒಬ್ಬರು ಒಂದು ಸಲ ಬಂದು ಹೋಗಲು 400 ರೂಪಾಯಿ ಕೇಳಿದರು. ನಮ್ಮದು ಆಂಟಿ ಮನೆಯ ಏರ್ಪಾಡು. ಹುಡುಗ ದುಡ್ಡು ತೆಗೆದುಕೊಳ್ಳುತ್ತಾನೆ, ಆಂಟಿ ತೆಗೆದುಕೊಳ್ಳುವುದಿಲ್ಲ, ಅವರಿಗೆ ಸಾಗರದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಬರುತ್ತದೆ.

ಹೊರಡುವ ಮುಂಚೆ ನಾನು ಮನೆಯೆಲ್ಲ ಒಂದು ಸುತ್ತು ಹಾಕುತ್ತೇನೆ. ದೇವರ ಮನೆಯಲ್ಲಿ ಒಣಗಿದ ಮಲ್ಲಿಗೆಯ ದಾರ ಇರಬಾರದು. ದಾರ ನುಂಗಿದರೆ ಕರುಳು ನೆರಿಗೆ ಕಟ್ಟಿದ ಹಾಗೆ ಮುದುಡಿಕೊಳ್ಳುತ್ತದೆ. ಬೀರುವಿನಿಂದ ಉರುಳಿದ ನುಸಿಗುಳಿಗೆ ಇರಬಾರದು, ಹೂಗುಚ್ಛದಲ್ಲಿ ಲಿಲ್ಲಿ ಇರಬಾರದು. ಬಾಲ್ಕನಿ ಬಾಗಿಲು ಹಾಕಬೇಕು. 1987ರಲ್ಲಿ ನ್ಯೂಯಾರ್ಕಿನ ಡಾಕ್ಟರುಗಳು ಮಹಡಿಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಲೆಕ್ಕ ಬರೆದಿದ್ದರು, ಅದರಲ್ಲಿ ಶೇಕಡಾ 90 ಬದುಕಿದ್ದವು. ಅದನ್ನೇ ಹಿಡಿದುಕೊಂಡು "ಬೆಕ್ಕಿಗೆ ಏನೂ ಆಗಲ್ಲ" ಅನ್ನುವವರಿದ್ದಾರೆ. ಆಸ್ಪತ್ರೆವರೆಗೆ ಬಂದವು ಮಾತ್ರ ಆ ಲೆಕ್ಕದಲ್ಲಿವೆ ಸ್ವಾಮಿ. ಇನ್ನು ಒಳಗಿನ ಬಾಗಿಲುಗಳು. ಆಷಾಢದ ಗಾಳಿಗೆ ಒಮ್ಮೆ ರೂಮಿನ ಬಾಗಿಲು ದಢಾರ್ ಅಂತ ಬಿದ್ದು ಕೆಂಚ ಒಳಗೆ, ಊಟ ನೀರು ಹೊರಗೆ. ಈಗ ಅಜ್ಜಿ ಕಾಲದ ರುಬ್ಬುವ ಗುಂಡು ಆ ಬಾಗಿಲಿಗೆ ಆನಿಸಿಟ್ಟಿರುತ್ತದೆ.

ಮತ್ತೆ ಕೊಳ್ಳುತ್ತೀರಾ ಅಂದರೆ, ಹೌದು. ಆಫೀಸಿನಲ್ಲಿ ತಡವಾದ ದಿನ ಇದು ದೊಡ್ಡ ನೆಮ್ಮದಿ. ಬೆಳಗಿನ ಐದೂವರೆಗೆ ಮುಖದ ಮೇಲೆ ಪಂಜ ಇಡುವುದು ನಿಂತಿದೆ, ಈಗ ಅವನು ಮೆಷಿನ್ನನ್ನು ಎಬ್ಬಿಸುತ್ತಾನೆ. ಐದಕ್ಕೆ ಮೂರೂವರೆ ಸ್ಟಾರ್. ಅರ್ಧ ಸ್ಟಾರ್ ಇರುವೆಗೆ ಕಡಿದೆ, ಒಂದು ಆ ಮೆಸೇಜಿಗೆ.

ಹೋದ ಶನಿವಾರ ಸಾಗರದಲ್ಲಿದ್ದೆವು. ಮಧ್ಯಾಹ್ನ ಒಂದೂವರೆಗೆ ಫೋನ್ ಎರಡು ಸಲ ಗುಂಯ್‌ಗುಟ್ಟಿತು. ಒಂದು ಮೆಷಿನ್‌ನದು, ಅದೇ ಹಳೆಯದು. ಇನ್ನೊಂದು ಎದುರು ಮನೆ ಹುಡುಗನದು: "ಅಕ್ಕ, ಮೂತ್ರದ ಉಂಡೆ ಮೂರು. ಒಂದು ದೊಡ್ಡದು. ಅಮ್ಮ ಇವತ್ತು ಒಳಗೆ ಬಂದು ಸೋಫಾ ಮೇಲೆ ಕೂತಿದ್ದಾರೆ."