ಕರ್ನಾಟಕದ ಪ್ರಾಜೆಕ್ಟ್: ಗೋಡೆ ನಕ್ಷೆಯೋ, ಮಡಿಕೆ ಪುಸ್ತಕವೋ?

ರಾಜ್ಯೋತ್ಸವ ಹತ್ತಿರ ಬಂತೆಂದರೆ ಮಂಡ್ಯದ ಮೇಷ್ಟ್ರುಗಳಿಗೆ ಇದೇ ಯೋಚನೆ. ನಾಲ್ಕನೇ ಕ್ಲಾಸಿಗೆ ಚಿತ್ರ ಬರೆಸಿ ನಾಡಿನ ಪರಿಚಯ ಮಾಡಿಸುವುದಾದರೆ ಇಡೀ ತರಗತಿಗೆ ಒಂದೇ ದೊಡ್ಡ ನಕ್ಷೆ ಒಳ್ಳೆಯದೋ, ಒಬ್ಬೊಬ್ಬರಿಗೂ ಕಾಗದ ಮಡಿಸಿ ಮಾಡುವ ಒಂದೊಂದು ಮಡಿಕೆ ಪುಸ್ತಕವೋ?

ನಕ್ಷೆಯಲ್ಲಿ ದಿಕ್ಕು, ದೂರ ತಾನಾಗಿ ತಲೆಗೆ ಹೋಗುತ್ತದೆ. ಕಾವೇರಿಗೆ ನೀಲಿ ಉಲ್ಲನ್ ದಾರ ಅಂಟಿಸಿ ನೋಡಿ: ಕೊಡಗಿನಲ್ಲಿ ಹುಟ್ಟಿ, ಕೆಆರ್‌ಎಸ್ ದಾಟಿ, ಶಿವನಸಮುದ್ರದಲ್ಲಿ ಧುಮುಕುವುದನ್ನು ಮಕ್ಕಳು ಬೆರಳಿಟ್ಟು ಹೇಳುತ್ತಾರೆ. ಅಲ್ಲೊಂದು ಬಲ್ಬ್ ಬರೆಸಿ, 1902ರಲ್ಲಿ ಅಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು ಅನ್ನಿ. ‘ಅಷ್ಟು ದೂರಕ್ಕಾ ಸಾರ್?’ ಎಂದು ಸ್ಕೇಲ್ ಹಿಡಿಯುವವರು ಇದ್ದೇ ಇರುತ್ತಾರೆ. 31 ಜಿಲ್ಲೆಗಳನ್ನು ಮೊದಲೇ ಹಂಚಿಬಿಡಿ. ಇಲ್ಲದಿದ್ದರೆ ಚೆನ್ನಾಗಿ ಚಿತ್ರ ಬರೆಯುವ ನಾಲ್ಕು ಜನರದ್ದೇ ಕಾರುಬಾರು, ಮಿಕ್ಕವರು ಗೋಂದು ಬಳಿಯುವುದಷ್ಟೇ.

ಮಡಿಕೆ ಪುಸ್ತಕದಲ್ಲಿ ಯಾರೂ ನುಣುಚಿಕೊಳ್ಳುವ ಹಾಗಿಲ್ಲ. ಆನೆ, ಶ್ರೀಗಂಧ, ಕಮಲ, ಪುಟಕ್ಕೊಂದು. ರಾಜ್ಯಪಕ್ಷಿ ನೀಲಕಂಠಕ್ಕಂತೂ ಹೇಳಿ ಮಾಡಿಸಿದಂತಿದೆ: ಕೂತಾಗ ಮಂಕು ಕಂದು, ರೆಕ್ಕೆ ಬಿಚ್ಚಿದರೆ ಥಳಥಳ ನೀಲಿ. ಕಂದು ಕಾಗದದ ರೆಕ್ಕೆ ಎತ್ತಿದರೆ ಒಳಗೆ ನೀಲಿ ಕಾಣಬೇಕು. 1956ರಲ್ಲಿ ಏಕೀಕರಣ, 1973ರಲ್ಲಿ ಕರ್ನಾಟಕ ಎಂಬ ಹೆಸರು, ಇಂಥ ಇಸವಿಗಳಿಗೂ ಮಡಿಕೆ ಸಾಲೇ ಸರಿ. ಮನೆಗೆ ಮಾತ್ರ ಕಳಿಸಬೇಡಿ, ಅಮ್ಮಂದಿರ ಅಂದವಾದ ಅಕ್ಷರ ವಾಪಸ್ ಬರುತ್ತದೆ!

ಒಂದೆರಡು ಪಿರಿಯಡ್ ಅಷ್ಟೇ ಸಿಗುವುದಾದರೆ ಪುಸ್ತಕ ಸಾಕು. ವಾರವಿಡೀ ಸಮಯ, ಖಾಲಿ ಗೋಡೆ ಎರಡೂ ಇದ್ದರೆ ನನ್ನ ಓಟು ನಕ್ಷೆಗೆ.